ಹುಮನಾಬಾದದಿಂದ ಕಲ್ಯಾಣಕ್ಕೆ: ಹಳೆಯ ಫಟಫಟಿಯ ಪಾಸಿಂಗ್

ಬೀದರ ಜಿಲ್ಲೆಯ ಹುಮನಾಬಾದ ದಾರಿಗಳು ಕೂಡುವ ಊರು. ಹೈದರಾಬಾದಿನಿಂದ ಸೋಲಾಪುರದ ಮೂಲಕ ಪುಣೆಗೆ ಸಾಗುವ ಹೆದ್ದಾರಿಯೂ ಬೀದರದಿಂದ ಕಲಬುರಗಿಗೆ ಹೋಗುವ ಹಾದಿಯೂ ಇಲ್ಲಿ ಒಂದನ್ನೊಂದು ಹಾಯುತ್ತವೆ. 1725ರಲ್ಲಿ ನಿರ್ಮಾಣವಾದ ವೀರಭದ್ರೇಶ್ವರ ದೇವಾಲಯ, ಜನವರಿಯಲ್ಲಿ ನೆರೆಯುವ ಅದರ ಜಾತ್ರೆ, ಊರಿಗೆ ಹತ್ತಿರದಲ್ಲಿಯೇ ಇರುವ ಮಾಣಿಕನಗರ, ಇವುಗಳಿಂದಾಗಿ ಯಾತ್ರಿಕರ ಓಡಾಟಕ್ಕೆ ಇಲ್ಲಿ ಬಿಡುವಿಲ್ಲ. ಇಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದು ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಬಲಕ್ಕೆ ತಿರುಗಿದರೆ ಶರಣರ ಕಲ್ಯಾಣ. ಎಲ್ಲ ಸೇರಿ ಸುಮಾರು 30 ಕಿಲೋಮೀಟರು. ಹಿಂದೆ 9ನೆಯ ಸಂಖ್ಯೆಯದಾಗಿದ್ದ ಈ ಹೆದ್ದಾರಿಗೆ ಈಗ 65ನೆಯ ಸಂಖ್ಯೆ.

ಬಸ್ಸು ಜೀಪುಗಳನ್ನು ಬಿಟ್ಟರೆ ನಮ್ಮ ಸೀಮೆಯ ಕುಟುಂಬಗಳು ಕಲ್ಯಾಣದ ದರ್ಶನಕ್ಕೆ ಬಹುಕಾಲ ನೆಚ್ಚಿಕೊಂಡಿದ್ದ ವಾಹನ ಫಟಫಟಿ. ಅದರಲ್ಲಿಯೂ ಜಾವಾ ಮತ್ತು ಯೆಜ್ಡಿ. ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಸೀಮೆಯಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಐದು ವರ್ಷಗಳ ನಂತರ, 1961ರಲ್ಲಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಸ್ಥಾಪಿಸಿದವರು ಪಾರಸಿ ಸಮಾಜದ ರುಸ್ತುಂ ಇರಾನಿಯವರು. ತಂತ್ರಜ್ಞಾನ ಅಂದಿನ ಚೆಕೊಸ್ಲೊವಾಕಿಯಾದ್ದು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ರಾಜ್ಯದ ದಕ್ಷಿಣದಲ್ಲಿ ಹುಟ್ಟಿದ ಈ ಗಾಡಿ ಉತ್ತರದ ಕೊನೆಯ ಜಿಲ್ಲೆಯ ಹೊಲದ ದಾರಿ, ಕಪ್ಪು ಮಣ್ಣು, ಸಂತೆಯ ಚೀಲ ಎಲ್ಲಕ್ಕೂ ಹೊಂದಿಕೊಂಡುಬಿಟ್ಟಿತು. ಇಂದಿಗೂ ಹುಮನಾಬಾದದ ಓಣಿಯೊಂದರಲ್ಲಿ ಬೆಳಗಿನ ಹೊತ್ತು ಅದರ ಜೋಡಿ ಸೈಲೆನ್ಸರಿನ ಸದ್ದು ಕೇಳಿದರೆ ಮುದುಕರು ಯಾರ ಮನೆಯ ಗಾಡಿ ಎಂದು ಗುರುತಿಸಬಲ್ಲರು.

ಇಂಥದೇ ಒಂದು ಯೆಜ್ಡಿ 250 ನನ್ನ ತಂಗಿಯ ಮನೆಯಲ್ಲಿದೆ. 1986ರಲ್ಲಿ ನೋಂದಣಿಯಾದದ್ದು. ಭಾವನವರು ತೀರಿಕೊಂಡ ಮೇಲೆ ಅದನ್ನು ಅವಳ ಮಗ ನಡೆಸುತ್ತಿದ್ದಾನೆ. ನೋಂದಣಿಯ ಅವಧಿ 2026ರಲ್ಲಿ ತೀರುವುದೆಂದು ಲೆಕ್ಕ ಹಾಕಿ, ಗಾಡಿಯನ್ನು ಪಾಸಿಂಗಿಗೆ ಒಯ್ಯುವ ಮೊದಲು ಒಂದು ಸಲ ಕಲ್ಯಾಣಕ್ಕೆ ಹೋಗಿಬರೋಣವೆಂದು ಅವನು ನನ್ನನ್ನು ಕರೆದ. ತಂಗಿಗೆ ಬೇರೆಯೇ ಚಿಂತೆ. “ಅಣ್ಣಾ, ಪಾಸಿಂಗ್ ಹ್ಯಾಂಗರ ಆಗ್ತದ. ಸೊಸಿನ್ನ ಹಿಂದ ಕೂಡಿಸ್ಕೊಂಡು ಹೈವೇದಾಗ ಹೋಗಬೇಕೋ ಬ್ಯಾಡೋ, ಅದೊಂದು ನೋಡಿ ಹೇಳು,” ಎಂದಳು. ಇಂತಹ ಗಾಡಿ ಇರುವ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಇದ್ದೀತು. ಆದ್ದರಿಂದ ವಾಚಕರಿಗೆ ಉಪಯೋಗವಾದೀತೆಂದು ಅಂದು ಕಂಡದ್ದನ್ನೂ ಬಲ್ಲವರಿಂದ ಕೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷ ನಡೆಯುತ್ತದೆ. ಆ ಬಳಿಕ ಮೋಟಾರು ವಾಹನ ನಿರೀಕ್ಷಕರಿಗೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಮ್ಮ ಜನ ಈ ನಿರೀಕ್ಷಕರನ್ನು ಈಗಲೂ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಕರೆಯುತ್ತಾರೆ. ನಮೂನೆ 25ರಲ್ಲಿ ಅರ್ಜಿ. ಅವಧಿ ಮುಗಿಯುವುದಕ್ಕೆ 60 ದಿನ ಮೊದಲಿನಿಂದ ಅದನ್ನು ಕೊಡಬಹುದು. ಹಿಂದೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 1000 ಆಯಿತು. 20 ವರ್ಷ ದಾಟಿದ ಬೈಕುಗಳಿಗೆ 2025ರ ಆಗಸ್ಟ್‌ನಿಂದ 2000 ರೂಪಾಯಿ. 1986ರ ಗಾಡಿಗೆ 2001ರಿಂದ ಹಿಡಿದು ಇದು ಆರನೆಯ ಪಾಸಿಂಗ್. ಮೈಸೂರಿನಿಂದ ಹೊರಬಿದ್ದ ಕಟ್ಟಕಡೆಯ ಯೆಜ್ಡಿಗಳೂ, 1996ರವು, 2011ರಲ್ಲಿ ಹದಿನೈದನ್ನು ದಾಟಿ ಈ ಸಾಲಿಗೆ ಸೇರಿಬಿಟ್ಟಿವೆ. 50 ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ಎಂಬ ಬೇರೆ ನೋಂದಣಿಯ ನಿಯಮ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ಹೊಲಕ್ಕೂ ಸಂತೆಗೂ ಹೋಗುವವರಿಗೆ ಅದು ಉಪಯೋಗವಿಲ್ಲ.

ಈ ತಪಾಸಣೆಯಲ್ಲಿ ಏನನ್ನು ನೋಡುತ್ತಾರೆ? ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್.ಸಿ. ಪುಸ್ತಕಕ್ಕೆ ಸರಿಹೊಂದುತ್ತವೆಯೇ, ದೀಪ ಉರಿಯುತ್ತದೆಯೇ, ಹಾರ್ನ್ ಕೂಗುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ, ಟೈರಿನಲ್ಲಿ ಗೀರು ಉಳಿದಿದೆಯೇ, ಕನ್ನಡಿ ಇದೆಯೇ, ವಿಮೆಯ ಕಾಗದ, ಹೊಗೆಯ ಪ್ರಮಾಣಪತ್ರ. ಇವೆಲ್ಲ ಬೇಕಾದವುಗಳೇ, ಅಲ್ಲಗಳೆಯುವ ಹಾಗಿಲ್ಲ. ಆದರೆ ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಇಂತಹ ಪರೀಕ್ಷೆಗೆ ನಿಲ್ಲಬೇಕು, ನಲವತ್ತು ವರ್ಷದ ಬೈಕು ಮಾತ್ರ ಐದು ವರ್ಷಕ್ಕೊಮ್ಮೆ. ಅಲ್ಲದೆ ಹೆಚ್ಚಿನ ಗಾಡಿಗಳು ಕಚೇರಿಯ ಬಯಲಿನಲ್ಲಿ ತಣ್ಣಗೆ ನಿಂತಿದ್ದು, ಹತ್ತು ನಿಮಿಷ ಸದ್ದು ಮಾಡಿ, ಒಂದು ಸುತ್ತು ಹೊಡೆದು ಬರುತ್ತವೆ. ಹಳೆಯ ಎರಡು ಸ್ಟ್ರೋಕಿನ ಎಂಜಿನ್ನಿನ ದೊಡ್ಡ ರೋಗಗಳೋ, ಅದು ಕಾದು ಹದಿನೈದು ಇಪ್ಪತ್ತು ಕಿಲೋಮೀಟರು ಓಡಿದ ಮೇಲೆ ಮುಖ ತೋರಿಸುವಂಥವು. ಪಾಸಿಂಗಿನ ಸಿಕ್ಕೆ ಬಿದ್ದ ಗಾಡಿ ಅದೇ ವಾರ ದಾರಿಯಲ್ಲಿ ನಿಂತರೆ ನಿರೀಕ್ಷಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರ ಮುಂದೆ ಅದು ಕಾದಿರಲೇ ಇಲ್ಲ.

ಹಾಗೆ ನೋಡಿದರೆ ಹುಮನಾಬಾದದಿಂದ ಕಲ್ಯಾಣದ ಹಾದಿ ಈ ಪರೀಕ್ಷೆಗೆ ಅಳತೆ ಮಾಡಿ ಹಾಕಿದಂತಿದೆ.

ಬೆಳಗಿನ ಆರೂವರೆಗೆ ಹೊರಟೆವು. ಜಾವಾ ಯೆಜ್ಡಿಗಳನ್ನು ಕಾಣದ ಇಂದಿನ ಮಕ್ಕಳಿಗೆ ಅವುಗಳ ಕಿಕ್ಕು ಒಂದು ಸೋಜಿಗ. ಎಡಗಡೆಗೆ ಇರುವ ಗೇರಿನ ಕಡ್ಡಿಯೇ ಕಿಕ್ಕು. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕಾಗುತ್ತದೆ, ಒದ್ದು ಕೆಳಗಿಳಿಸಿದರೆ ಮತ್ತೆ ಗೇರು. ಜಾವಾ ಕಾಲದಿಂದ ಬಂದ ಮಾದರಿಗಳಲ್ಲಿ ಈ ಕಡ್ಡಿಯನ್ನು ಕಾಲಿನಿಂದ ಅದುಮಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು. ಹಳೆಯ ಜಾವಾದ ಕೀಲಿಯಂತೂ ಕೀಲಿಯೆಂಬ ಹೆಸರಿಗೆ ಮಾತ್ರ. ಒಂದರದು ಇನ್ನೊಂದಕ್ಕೆ ಆಗುತ್ತಿತ್ತು, ಕೆಲವೊಮ್ಮೆ ಮೊಳೆಯೂ ಸಾಕಾಗುತ್ತಿತ್ತು. ಊರೆಲ್ಲ ಒಬ್ಬರನ್ನೊಬ್ಬರು ಬಲ್ಲ ಕಾಲಕ್ಕೆ ಅಷ್ಟು ಭದ್ರತೆ ನಡೆಯಿತು.

ತಣ್ಣಗಿದ್ದಾಗ ಗಾಡಿ ಎರಡನೆಯ ಕಿಕ್ಕಿಗೇ ಎದ್ದಿತು. ಅಳಿಯನ ಮುಖದಲ್ಲಿ ಹೆಮ್ಮೆ. ಹೊರಡುವ ಮುನ್ನ ಪೆಟ್ರೋಲ್ ಹಾಕಿಸಿ, ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆ ಬೆರೆಸಿದ. ಈ ಎಂಜಿನ್ನಿಗೆ ಪ್ರತ್ಯೇಕ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನೊಡನೆ ಬಂದ ಎಣ್ಣೆಯೇ ಅದರ ಪಿಸ್ಟನ್ನಿಗೂ ಬೇರಿಂಗಿಗೂ ಅನ್ನ. ಆದ್ದರಿಂದಲೇ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಗೇರಿನಲ್ಲಿಯೇ ಎಕ್ಸಿಲೇಟರನ್ನು ಪೂರ್ತಿ ಮುಚ್ಚಿ ಬಹಳ ದೂರ ಇಳಿಯುವುದು ಇದಕ್ಕೆ ಹಾನಿಕರ. ಪೆಟ್ರೋಲ್ ನಿಂತಾಗ ಎಣ್ಣೆಯೂ ನಿಲ್ಲುತ್ತದೆ. ಹಿಂದೆ ಬಂಕುಗಳಲ್ಲಿ 2ಟಿ ಎಣ್ಣೆಯ ಕೈಪಂಪು ಇರುತ್ತಿತ್ತು, ಹುಡುಗ ಅಳೆದು ಹಾಕುತ್ತಿದ್ದ. ಈಗ ಡಬ್ಬಿ ನಾವೇ ಒಯ್ಯಬೇಕು.

ಪೆಟ್ರೋಲಿನ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ಪ್ರತಿಶತ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲೇ ಸಾಮಾನ್ಯವಾಯಿತು. ಕಬ್ಬು ಬೆಳೆಯುವ ನಮ್ಮ ತಾಲೂಕಿನವರು ಇದನ್ನು ಬೇಡವೆನ್ನಲಾರರು. ಆದರೆ ನಲವತ್ತು ವರ್ಷದ ಹಿಂದಿನ ರಬ್ಬರಿನ ಪೈಪು, ಕಾಕಿನ ವಾಷರುಗಳು ಇದಕ್ಕಾಗಿ ಮಾಡಿದವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿಯ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಪುಡಿ ಕಾರ್ಬುರೇಟರಿನ ಸಣ್ಣ ಜೆಟ್ಟನ್ನು ಮುಚ್ಚಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಹೊಸ ಪೈಪಿಗೆ ಆಗುವ ಖರ್ಚು ಹೆಚ್ಚಲ್ಲ. ಹನಿಯುವ ಪೆಟ್ರೋಲ್ ಬಿಸಿ ಸಿಲಿಂಡರಿನ ಮೇಲೆ ಬೀಳುವ ಅಪಾಯವನ್ನು ನೆನೆದರೆ ಅದನ್ನು ಮುಂದೂಡಬಾರದು.

ಹೆದ್ದಾರಿ ಸೇರಿದ ಮೇಲೆ ಎಡದ ಅಂಚು ಬಿಡದೆ ಐವತ್ತರ ವೇಗದಲ್ಲಿ ಸಾಗಿದೆವು. ಎರಡೂ ಬದಿಗೆ ತೊಗರಿಯ ಹೊಲಗಳು. ಪಕ್ಕದಲ್ಲಿ ಲಾರಿಗಳು ಗಾಳಿಯನ್ನು ದೂಡುತ್ತ ಹಾಯುವಾಗ ಹ್ಯಾಂಡಲ್ ಕೈಯಲ್ಲಿ ನಡುಗುತ್ತದೆ. ಇದು ಗಾಳಿಯದೋ ಗಾಡಿಯದೋ ಎಂದು ತಿಳಿಯಲು ಒಂದು ಸುಲಭೋಪಾಯವಿದೆ. ಮನೆಯಲ್ಲಿ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು, ಮುಂದಿನ ಗಾಲಿ ನೆಲ ಬಿಟ್ಟಾಗ ಫೋರ್ಕನ್ನು ಹಿಂದೆ ಮುಂದೆ ಅಲುಗಿಸಬೇಕು. ಟಕ್ಕೆಂದು ಸದ್ದು ಬಂದರೆ ಹ್ಯಾಂಡಲಿನ ಬೇರಿಂಗ್ ಸವೆದಿದೆ. ಹಿಂದಿನ ಗಾಲಿಯನ್ನು ಅಡ್ಡಕ್ಕೆ ಎಳೆದಾಗ ಆಟ ಕಂಡರೆ ಸ್ವಿಂಗ್ ಆರ್ಮಿನ ಬುಶ್ ಹೋಗಿದೆ. ಕಚೇರಿಯ ಒಂದು ಸುತ್ತಿನಲ್ಲಿ ಇವೆರಡೂ ಕಾಣದಿರಬಹುದು; ಲಾರಿಯ ಗಾಳಿಯಲ್ಲಿ ಕಾಣದೆ ಇರವು.

ರಾಜೇಶ್ವರದಲ್ಲಿ ಚಹಾಕ್ಕೆ ನಿಂತೆವು. ಗಾಡಿ ಅಷ್ಟರಲ್ಲಿ ಚೆನ್ನಾಗಿ ಕಾದಿತ್ತು. ಅಳಿಯ ಬಂದ್ ಮಾಡಲು ಹೋದವನನ್ನು ತಡೆದು, ಹಾಗೆಯೇ ನಿಲ್ಲಲಿ ಎಂದೆ. ಎರಡೂ ಸೈಲೆನ್ಸರುಗಳಿಂದ ಹೊಗೆ ಬರುವುದು ಈ ಜಾತಿಗೆ ಸಹಜ. ತಣ್ಣಗಿದ್ದಾಗ ಬಂದ ನೀಲಿ ಹೊಗೆ ಕಾದ ಮೇಲೆ ತಿಳಿಯಾಗಬೇಕು. ಇದು ತಿಳಿಯಾಗಿರಲಿಲ್ಲ, ಬಿಳಿ ಬಿಳಿಯಾಗಿ ದಟ್ಟವಾಗಿ ಬರುತ್ತಿತ್ತು. “ಮಾಮಾ, ಎಣ್ಣಿ ಜಾಸ್ತಿ ಆಗ್ಯಾದೇನೋ,” ಎಂದ. ಎಣ್ಣೆಯನ್ನು ನನ್ನ ಕಣ್ಣೆದುರಿಗೇ ಅಳೆದು ಹಾಕಿದ್ದ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಿಕ್ಕು ಹೊಡೆಯಲು ಹೇಳಿದೆ. ಮೂರನೆಯದಕ್ಕೆ ಎದ್ದಿತು. ಅಷ್ಟರ ಮಟ್ಟಿಗೆ ಸಮಾಧಾನ.

ಈ ಹತ್ತು ನಿಮಿಷದ ಪರೀಕ್ಷೆಗೆ ಕಾರಣವಿದೆ. ಈ ಗಾಡಿಗಳ ಕಿಡಿ ಪಾಯಿಂಟಿನಿಂದ ಹುಟ್ಟುತ್ತದೆ. ಪಾಯಿಂಟಿನ ಎರಡು ತುದಿಗಳ ನಡುವೆ 0.4 ಮಿಲಿಮೀಟರಿನಷ್ಟು ಸಂದು. ಸವೆದಂತೆಲ್ಲ ಅದು ಕೆಟ್ಟು ಕಿಡಿಯ ಹೊತ್ತು ತಪ್ಪುತ್ತದೆ. ಪಕ್ಕದಲ್ಲಿಯೇ ಕಂಡೆನ್ಸರ್ ಎಂಬ ಹೆಬ್ಬೆರಳಿನ ಗಾತ್ರದ ಡಬ್ಬಿ. ಮುದಿಯಾದ ಕಂಡೆನ್ಸರಿನ ಚೇಷ್ಟೆಯೆಂದರೆ ತಣ್ಣಗಿದ್ದಾಗ ಅದು ನಿಷ್ಠೆಯಿಂದ ದುಡಿಯುತ್ತದೆ. ಕಾದ ಬಳಿಕ ಕೈ ಕೊಡುತ್ತದೆ. ಗಾಡಿ ನಡುದಾರಿಯಲ್ಲಿ ಸದ್ದಿಲ್ಲದೆ ನಿಂತು, ಅರ್ಧ ತಾಸು ನೆರಳಿಗೆ ಹಾಕಿದರೆ ಏನೂ ಆಗದಂತೆ ಏಳುತ್ತದೆ. ಪ್ಲಗ್ ಬದಲಿಸಿ, ಕಾರ್ಬುರೇಟರ್ ಬಿಚ್ಚಿ, ಸಾಕಾಗಿ ಕಡೆಗೆ ಗಾಡಿಯನ್ನೇ ಮಾರಿದವರುಂಟು. ಬಂದ್ ಮಾಡಿದ ಬಿಸಿ ಗಾಡಿ ಹತ್ತು ನಿಮಿಷದ ಮೇಲೆ ಏಳುತ್ತದೆಯೇ ಎಂಬುದು ಬಾಕಿ ಎಲ್ಲ ತಪಾಸಣೆಗಿಂತ ಹೆಚ್ಚು ತಿಳಿಸುತ್ತದೆ. ಹಳೆಯ ಗಾಡಿ ಕೊಳ್ಳುವವರೂ ಇದನ್ನು ಮರೆಯಬಾರದು. ಮಾರುವವನ ಮನೆಯ ಮುಂದೆ ತಣ್ಣಗಿದ್ದ ಗಾಡಿ ಒಂದೇ ಕಿಕ್ಕಿಗೆ ಎದ್ದಿತೆಂದು ದುಡ್ಡು ಎಣಿಸಬಾರದು.

ಹೊಗೆಯ ಸಂಶಯ ಸಸ್ತಾಪುರ ಬಂಗ್ಲಾದಲ್ಲಿ ಬಗೆಹರಿಯಿತು. ಇಲ್ಲಿಯ ಆಟೋನಗರ ಲಾರಿಗಳ ಕೆಲಸಕ್ಕೆ ಹೆಸರಾದುದು. ಬಿಚ್ಚಿಟ್ಟ ಆ್ಯಕ್ಸಲುಗಳು, ವೆಲ್ಡಿಂಗಿನ ಕಿಡಿ, ಡೀಸೆಲ್ ನೆನೆದ ನೆಲ, ಲಾರಿಯ ತೊಟ್ಟಿಲಿಗೆ ಬಣ್ಣ ಬಳಿಯುವ ಹುಡುಗರು. ಆ ಗದ್ದಲದ ನಡುವೆ ಹಳೆಯ ಯೆಜ್ಡಿ ಬಲ್ಲ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಅಳಿಯ ಮೊದಲೇ ಕೇಳಿಟ್ಟುಕೊಂಡಿದ್ದ. ಆತ ಹೊಗೆಯನ್ನು ನೋಡಲಿಲ್ಲ, ಮೂಸಿದ. ಬಳಿಕ ಗೇರಿನ ಎಣ್ಣೆಯ ಮಟ್ಟ ಪರೀಕ್ಷಿಸಿ, “ಮಾಸ್ತರೇ, ಎಣ್ಣಿ ಒಳಗಿಂದ ಕುಡೀಲಿಕ್ಕತ್ಯಾದ. ಎಡಗಡೀ ಸೀಲ್ ಹೋಗ್ಯಾದ,” ಎಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಸ್ಟ್ರೋಕಿನ ಎಂಜಿನ್ ಗಾಳಿಯನ್ನೂ ಪೆಟ್ರೋಲನ್ನೂ ಮೊದಲು ಕ್ರ್ಯಾಂಕ್ ತಿರುಗುವ ಕೋಣೆಗೆ ಎಳೆದು, ಅಲ್ಲಿಂದ ಮೇಲಕ್ಕೆ ದೂಡುತ್ತದೆ. ಆ ಕೋಣೆಗೆ ಎಲ್ಲಿಯೂ ಸೋರಿಕೆ ಇರಕೂಡದು. ಅದಕ್ಕೆಂದೇ ಕ್ರ್ಯಾಂಕಿನ ಎರಡೂ ಬದಿಗೆ ರಬ್ಬರಿನ ಆಯಿಲ್ ಸೀಲ್. ಎಡಬದಿಯ ಸೀಲಿನ ಆಚೆ ಕ್ಲಚ್ಚಿನ ಎಣ್ಣೆ. ಅದು ಬಿರಿದರೆ ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತದೆ. ಬಿಳಿ ಹೊಗೆ ಬರುತ್ತದೆ, ಗೇರಿನ ಎಣ್ಣೆ ದಿನದಿನಕ್ಕೆ ಇಳಿಯುತ್ತದೆ. ಬಲಬದಿಯ ಸೀಲಿನ ಆಚೆ ಡೈನಮೋ, ಅಲ್ಲಿ ಎಣ್ಣೆಯಿಲ್ಲ. ಆದ್ದರಿಂದ ಅದು ಬಿರಿದರೆ ಬರಿಯ ಗಾಳಿಯೇ ಒಳನುಗ್ಗುತ್ತದೆ. ಹೊಗೆ ಬರುವುದಿಲ್ಲ, ಗಾಡಿ ಎಂದಿಗಿಂತ ಚುರುಕಾಗಿ ಓಡಿದಂತೆಯೂ ತೋರುತ್ತದೆ. ಪೆಟ್ರೋಲ್ ಎಣ್ಣೆಗಳ ಪಾಲು ಕಡಿಮೆಯಾಗಿ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಗಾಲಿ ಒಮ್ಮೆಲೆ ನಿಂತು ಗಾಡಿ ಜಾರುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಎಕ್ಸಿಲೇಟರ್ ಬಿಟ್ಟ ಮೇಲೂ ಎಂಜಿನ್ ವೇಗ ಇಳಿಯದೆ ತಾನಾಗಿಯೇ ಕೂಗುತ್ತಿದ್ದರೆ ಈ ಬಲಬದಿಯ ಸೀಲನ್ನು ಸಂಶಯಿಸಬೇಕು. ಗಾಡಿ ಸೀಜಾಗುವ ಸೂಚನೆ ಸಿಕ್ಕೊಡನೆ ಕ್ಲಚ್ ಹಿಡಿಯುವುದನ್ನು ಕೈಗೆ ಅಭ್ಯಾಸ ಮಾಡಿಸಬೇಕು.

ವಿಚಿತ್ರವೇನೆಂದರೆ, ಹೊಗೆಯ ತಪಾಸಣೆ ಇದರಲ್ಲಿ ಅರ್ಧವನ್ನೇ ಹಿಡಿಯುತ್ತದೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಪ್ರತಿಶತ 4.5 ಮೀರಬಾರದು, ಹೈಡ್ರೋಕಾರ್ಬನ್ 9000 ಪಿ.ಪಿ.ಎಂ. ಮೀರಬಾರದು ಎಂದು ನಿಯಮ. ಈ ಪ್ರಮಾಣಪತ್ರವನ್ನು ಆರು ತಿಂಗಳಿಗೊಮ್ಮೆ ಪಡೆಯಬೇಕು. ಎಡ ಸೀಲ್ ಹೋದ ಗಾಡಿ ಇಲ್ಲಿ ಎಡವೀತು. ಬಲ ಸೀಲ್ ಹೋದದ್ದೋ, ಪೆಟ್ರೋಲ್ ಪಾಲು ಕಡಿಮೆ ಸುಡುವುದರಿಂದ, ಮೊನಾಕ್ಸೈಡಿನ ಅಳತೆಯಲ್ಲಿ ಚೊಕ್ಕವಾಗಿಯೇ ಕಾಣಬಹುದು. ಹೆಚ್ಚು ಅಪಾಯಕಾರಿಯಾದದ್ದೇ ಸುಲಭವಾಗಿ ಪಾರಾಗುವುದೆಂದ ಮೇಲೆ ಕಾಗದವನ್ನು ಎಷ್ಟು ನಂಬಬೇಕೆಂದು ವಾಚಕರೇ ಯೋಚಿಸಲಿ.

ಮಿಸ್ತ್ರಿ ಎರಡೂ ಸೀಲುಗಳನ್ನು ಒಟ್ಟಿಗೇ ಬದಲಿಸಲು ಹೇಳಿದ. ಒಂದರ ವಯಸ್ಸೇ ಇನ್ನೊಂದಕ್ಕೂ ಆಗಿರುತ್ತದೆ. ಮೂಲ ಕಾರ್ಖಾನೆ ಮುಚ್ಚಿದ ಮೇಲೆ ಯಾರು ಯಾರೋ ಮಾಡಿದ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುತ್ತವೆ, ಗುಣ ಒಂದೇ ಸಮನಲ್ಲ. ಅಗ್ಗದ ಸೀಲು ಒಂದು ಬೇಸಿಗೆ ತಾಳುವುದಿಲ್ಲ ಎಂಬುದು ಆತನ ಅನುಭವ. ಜೊತೆಗೆ ಸೈಲೆನ್ಸರಿನ ಒಳಗಿನ ಕೊಳವೆ ಹೊರಕ್ಕೆಳೆದು ತೋರಿಸಿದ. ರಂಧ್ರಗಳೆಲ್ಲ ಕರಿಯಿಂದ ಮುಚ್ಚಿದ್ದವು. ಎಳೆತ ಕಡಿಮೆಯಾಗಿದೆಯೆಂದು ಎಂಜಿನ್ ಬಿಚ್ಚಿಸುವವರು ಮೊದಲು ಇದನ್ನು ತೆಗೆದು ನೋಡಿದರೆ ಎಷ್ಟೋ ಸಲ ಬಿಚ್ಚಿಸುವ ಪ್ರಸಂಗವೇ ಬಾರದು. ಚೈನಿನ ಸ್ಥಿತಿ ಮಾತ್ರ ಉತ್ತಮವಾಗಿತ್ತು. ಪೂರ್ತಿ ಮುಚ್ಚಿದ ಚೈನ್ ಕವರು ನಮ್ಮ ಕಪ್ಪು ಮಣ್ಣಿಗಾಗಿಯೇ ಮಾಡಿದಂತಿದೆ ಎಂದು ಮಿಸ್ತ್ರಿ ಮೆಚ್ಚಿಕೊಂಡ.

ಬ್ರೇಕಿನ ಬಗೆಗೆ ಆತ ಹೇಳಿದ್ದು ಖಂಡಿತವಾದ ಮಾತು. ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು. ಒಬ್ಬನ ಭಾರಕ್ಕೆ ಹಿಡಿಯುವುದು ಇಬ್ಬರ ಭಾರಕ್ಕೆ ಅದೇ ದೂರದಲ್ಲಿ ಹಿಡಿಯದು, ಮಳೆಯಲ್ಲಿ ನೀರು ಹೊಕ್ಕರೆ ಮೊದಲ ಒಂದೆರಡು ಒತ್ತಿಗೆ ಹಿಡಿಯದೆಯೂ ಇರಬಹುದು. ಮುಂದಿನ ಬ್ರೇಕಿನ ಕೇಬಲ್ಲನ್ನು ತುದಿಯ ಗುಂಡಿನ ಬಳಿ ನೋಡಬೇಕು. ಒಂದು ಎಳೆ ಬಿಟ್ಟಿದ್ದರೂ ಕೂಡಲೆ ಬದಲಿಸಬೇಕು. ಉಳಿದ ಎಳೆಗಳು ಹರಿಯುವುದು ಜೋರಾಗಿ ಹಿಡಿದ ಗಳಿಗೆಯಲ್ಲಿಯೇ. ತಪಾಸಣೆಗೆ ಗಾಡಿಯನ್ನು ಒಬ್ಬನೇ ಓಡಿಸಿ ತೋರಿಸುತ್ತಾನೆ. ಮನೆಯಲ್ಲಿ ಪರೀಕ್ಷಿಸುವವರು ಹಿಂದೆ ಒಬ್ಬರನ್ನು ಕೂಡಿಸಿಕೊಂಡು, ಖಾಲಿ ರಸ್ತೆಯಲ್ಲಿ, ನಿಧಾನವಾಗಿ ನೋಡಬೇಕು. ಹಿಂದೆಲ್ಲ ಟಾಕಿಯ ಮೇಲೆ ಒಂದು ಮಗು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಕೂಸು ಹೀಗೆ ಕಲ್ಯಾಣಕ್ಕೆ ಬಂದ ಸಂಸಾರಗಳನ್ನು ನಾವೆಲ್ಲ ಕಂಡವರೇ. ಕಾಯಿದೆ ಹಿಂದೆ ಕೂರಲು ಒಬ್ಬರಿಗೆ ಮಾತ್ರ ಅನುಮತಿ ಕೊಡುತ್ತದೆ. ಅಂದಿನ ರಸ್ತೆಯಲ್ಲಿ ಇಂದಿನ ವೇಗವೂ ಇರಲಿಲ್ಲ.

ಬಂಗ್ಲಾದಿಂದ ಒಳಹಾದಿ ಹಿಡಿದ ಮೇಲೆ ಲಾರಿಗಳ ಕಾಟ ತಗ್ಗುತ್ತದೆ. 2012ರಲ್ಲಿ ಲೋಕಾರ್ಪಣೆಯಾದ 108 ಅಡಿಯ ಬಸವಣ್ಣನವರ ಪ್ರತಿಮೆಯ ದರ್ಶನ ಮಾಡಿದೆವು. ತ್ರಿಪುರಾಂತಕ ಕೆರೆಯ ಕಡೆ, 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ನೂತನ ಅನುಭವ ಮಂಟಪದ ಕಾಮಗಾರಿ. ಹಗ್ಗ ಹೊಸೆದ ನುಲಿಯ ಚಂದಯ್ಯನವರ ಗವಿ, ಚರ್ಮದ ಕಾಯಕದ ಹರಳಯ್ಯನವರ ನೆಲೆ ಇವುಗಳನ್ನು ನೋಡುವಾಗ ಎಣ್ಣೆಗೈಯ ಮಿಸ್ತ್ರಿಯ ನೆನಪು ಬಾರದಿರಲಿಲ್ಲ. ಪರುಷಕಟ್ಟೆಯ ಬಳಿ ಗಾಡಿ ನಿಲ್ಲಿಸಿದಾಗ ಇಬ್ಬರು ಹುಡುಗರು ಬಂದು ಇದು ಹೊಸ ಯೆಜ್ಡಿಯೋ ಹಳೆಯದೋ ಎಂದು ಕೇಳಿದರು. 2022ರಲ್ಲಿ ಬೇರೆ ಕಂಪನಿಯಿಂದ ಅದೇ ಹೆಸರಿನ ಹೊಸ ಬೈಕು ಬಂದಿದೆಯಲ್ಲ, ಅದನ್ನು ಕಂಡವರು.

ತಂಗಿಗೆ ಹೇಳಬೇಕಾದದ್ದನ್ನು ಅಲ್ಲಿ ಕುಳಿತೇ ಅಳಿಯನಿಗೆ ಬರೆಸಿದೆ. ಎರಡೂ ಸೀಲು, ಹೊಸ ಕಂಡೆನ್ಸರ್, ಪೆಟ್ರೋಲಿನ ಪೈಪು, ಮುಂದಿನ ಬ್ರೇಕಿನ ಕೇಬಲ್, ಇಷ್ಟು ಆದ ಮೇಲೆ ಇದೇ 30 ಕಿಲೋಮೀಟರನ್ನು ಇನ್ನೊಮ್ಮೆ ಒಬ್ಬನೇ ಓಡಿಸಿ, ಬಿಸಿಯಿದ್ದಾಗ ಕಿಕ್ಕು ಹೊಡೆದು ನೋಡಿ, ಆಮೇಲೆ ಪಾಸಿಂಗಿಗೆ ಒಯ್ಯುವುದು. ಪಾಸಾದರೆ ಊರೊಳಗೂ ಹೊಲಕ್ಕೂ ಧಾರಾಳವಾಗಿ ಬಳಸಬಹುದು. ಸೊಸೆಯನ್ನು ಕೂಡಿಸಿಕೊಂಡು ಹೆದ್ದಾರಿಗೆ ಇಳಿಯುವುದಾದರೆ ಇಬ್ಬರಿಗೂ ಹೆಲ್ಮೆಟ್, ಮಳೆಯಿಲ್ಲದ ಹಗಲು ಮಾತ್ರ. ಮೊಮ್ಮಗು ಬಂದ ಮೇಲೆ ಬಸ್ಸು. “ಬರೇ ಹಗಲೇ ಯಾಕ ಮಾಮಾ?” ಎಂದು ಅವನು ಕೇಳಿದ. ಈ ಗಾಡಿಯದು 6 ವೋಲ್ಟಿನ ದೀಪ. ಎಂಜಿನ್ ನಿಧಾನಕ್ಕಿಳಿದಾಗ ಡೈನಮೋ ಸಾಲದೆ ಅದು ಕೆಂಪಗಾಗುತ್ತದೆ, ಹಿಂದಿನ ಕೆಂಪು ದೀಪವಂತೂ ಲಾರಿಯ ಡ್ರೈವರಿಗೆ ಕಾಣುವುದೇ ಕಷ್ಟ. ತಪಾಸಣೆ ನಡೆಯುವುದು ಬಿಸಿಲಿನಲ್ಲಿ. ದೀಪ ಉರಿಯಿತು ಎಂದು ಬರೆದುಕೊಳ್ಳುತ್ತಾರೆ, ಎಷ್ಟು ಉರಿಯಿತು ಎಂದಲ್ಲ.

ಹಿಂದಿನ ಮಡ್‌ಗಾರ್ಡಿಗೆ ಅಂಟಿಸಲು ಹೊಳೆಯುವ ಕೆಂಪು ಪಟ್ಟಿಯನ್ನು ಪೇಟೆಯಲ್ಲಿ ಕೊಂಡು, ನಾಲ್ಕು ಗಂಟೆಗೆಲ್ಲ ಹುಮನಾಬಾದದ ಕಡೆಗೆ ಹೊರಟೆವು.